ಮಾಸ್ಟ್ರು ಬರೆದುಕೊಟ್ಟ ಕಾಗದ

ಈಗಲೇ ಹೇಳಿಬಿಡಲೇ? ಅಥವಾ ಆ ಕಾಗದ ಕೋರ್ಟಿಗೆ ಬಾರದೆಯೇ ಹೋದರೆ? ಸ್ಟೇಷನ್ನಿನಲ್ಲಿ ಎಷ್ಟೋ ಕಾಗದಗಳು ಕಳೆದುಹೋಗುತ್ತವಲ್ಲ... ಜೆಪ್ಪು ಬಡಾವಣೆಯ ತಮ್ಮ ಮನೆಯಲ್ಲಿ ಯೂಸ್ಟೇಸ್ ಮಾಸ್ಟ್ರು ಅಂಗಿಯ ಒಂದೇ ಗುಂಡಿಯನ್ನು ಹಿಡಿದು ನಿಂತುಬಿಟ್ಟಿದ್ದರು.

ಎರಡು ವರ್ಷದ ಹಿಂದೆ ಬೈಕ್ ಕಳ್ಳತನದ ಗುಮಾನಿಯಲ್ಲಿ ಪೊಲೀಸರು ಮಗ ಜೋಯೆಲ್‌ನನ್ನು ಎಳೆದೊಯ್ದಿದ್ದರು. ಕಳ್ಳ ಬೇರೆಯವನೆಂದು ಮಾರನೆಯ ದಿನವೇ ಗೊತ್ತಾಯಿತು. ಅಷ್ಟರಲ್ಲಿ ಪೊಲೀಸರ ಏಟಿಗೆ ಜೋಯೆಲ್‌ನ ಎಡಗಿವಿ ಪೂರ್ತಿ ಹೋಗಿತ್ತು! ಇನ್ಸ್‌ಪೆಕ್ಟರ್ ಮೇಲೆ ಪರಿಹಾರದ ದಾವೆ ಹೂಡುವಂತೆ ಪಟ್ಟು ಹಿಡಿದವಳು ಸೊಸೆ ಶೆರಿಲ್. ಇಂದು ಮಾವನ ಸಾಕ್ಷಿ.

“ಎಂತ ಪಪ್ಪಾ ಇಷ್ಟು ಬೆವರು? ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದವರು ನೀವು!” ಎಂದಳು ಶೆರಿಲ್.

ಮಾತು ಕೇಳಿಸಲೆಂದು ಬಲಗಿವಿ ತಿರುಗಿಸಿದ್ದ ಜೋಯೆಲ್ ನಕ್ಕ.

ಕೋರ್ಟಿನಲ್ಲಿ ಪಾಟೀಸವಾಲಿನ ಹೊತ್ತಿಗೆ ಆ ಕಾಗದ ಬಂದೇ ಬಂತು.

“‘ನನ್ನ ಮಗನ ಗಾಯಗಳು ಸ್ಕೂಟರಿನಿಂದ ಬಿದ್ದು ಆದವು. ಪೊಲೀಸರ ಮೇಲೆ ದೂರಿಲ್ಲ.’ ಇದು ನಿಮ್ಮ ಅಕ್ಷರವಾ ಮಾಸ್ಟ್ರೇ?” ಎದುರು ಪಕ್ಷದ ವಕೀಲರು ಕೇಳಿದರು.

ಬಾಗಿಲ ಬಳಿ ಇನ್ಸ್‌ಪೆಕ್ಟರ್ ನಿಂತಿದ್ದ. ಹೋದ ವಾರ ಮೀನು ಮಾರ್ಕೆಟ್ಟಿನಲ್ಲಿ ಎದುರಾದವನು, “ಮೊಮ್ಮಗಳು ಯಾವ ಶಾಲೆ ಮಾಸ್ಟ್ರೇ?” ಎಂದಷ್ಟೇ ಕೇಳಿ ಹೋಗಿದ್ದ. ಅಂದಿನಿಂದ ಯೂಸ್ಟೇಸರಿಗೆ ನಿದ್ದೆಯಿಲ್ಲ. ಕಾಗದದ ಮಾತು ಕೇಳಿ ಶೆರಿಲ್‌ಳ ಮುಖ ಬಿಳಿಚಿತ್ತು.

“ನನ್ನದೇ...” ಯೂಸ್ಟೇಸ್ ಕಟಕಟೆಯ ಸರಳು ಹಿಡಿದರು. “‘ನಿಮ್ಮ ಅಕ್ಷರ ಚಂದ ಉಂಟು, ನೀವೇ ಬರೀರಿ, ಬರೆದ್ರೆ ಮಗನನ್ನು ಬಿಡ್ತೇವೆ’ ಅಂದ್ರು. ಅವರು ಹೇಳಿದ ಹಾಗೆ ಬರೆದೆ ಸ್ವಾಮಿ! ಅವರ ವಾಕ್ಯ ಸರಿ ಇರ್ಲಿಲ್ಲ... ಅದನ್ನೂ ತಿದ್ದಿ ಬರೆದೆ! ಮಗ ಬೀಳ್ಲಿಲ್ಲ. ಹೊಡೆದದ್ದು!”

“ಕೇಸಿಗೆ ಇನ್ನೂ ಜೀವ ಉಂಟು,” ಎಂದು ಜೋಯೆಲ್ ಪರ ವಕೀಲ ಕಬೀರ್ ಹೊರಗೆ ಬಂದು ಪಿಸುಗುಟ್ಟಿದ. ಶೆರಿಲ್ ಮಾತ್ರ ಜಗಲಿಯ ಕಂಬ ಹಿಡಿದು ಬಿಕ್ಕಿದಳು.

“ದಿನಾ ಸಂಜೆ ಒಟ್ಟಿಗೆ ಮೊಣಕಾಲೂರಿ, ಜಪಮಾಲೆ ಹಿಡಿದು ತೇರ್ಸ್ ಹೇಳಿದೆವಲ್ಲ ಪಪ್ಪಾ... ಪ್ರಾರ್ಥನೆಗೆ ಬಂದ ಬಾಯಿ ಇದನ್ನು ಹೇಳ್ಲಿಕ್ಕೆ ಒಂದು ದಿನವೂ ಬರ್ಲಿಲ್ವಾ?”

“ಬಿಡು ಶೆರಿಲ್, ನನ್ನನ್ನು ಬಿಡಿಸ್ಲಿಕ್ಕೆ ಬರೆದದ್ದು.” ಜೋಯೆಲ್ ತಂದೆಯ ಕೈ ಹಿಡಿದ. “ನಾನು ಲಾಕಪ್ಪಿನ ಒಳಗಿಂದ ಕೂಗಿದ್ದು ಹೊರಗೆ ಕೂತಿದ್ದ ಇವರಿಗೆ ಕೇಳ್ಲೇ ಇಲ್ಲ. ಕೇಳಿದ್ರೆ ಸುಮ್ಮನೆ ಕೂತು ಬರೀತಿದ್ರಾ? ಅಲ್ವಾ ಪಪ್ಪಾ?”

ಯೂಸ್ಟೇಸ್ ಮಗನ ಹೆಗಲಿಗೆ ಮುಖವಾನಿಸಿ ಅತ್ತರು.

ಪ್ರತಿಯೊಂದು ಕೂಗೂ ತಮಗೆ ಕೇಳಿಸಿತ್ತು ಎಂಬುದನ್ನು ಅವರು ಎಂದೂ ಹೇಳಲಿಲ್ಲ.