ವಿರೂಪಾಕ್ಷ ಹೇಳದೆ ಉಳಿದದ್ದು

ಶೆಫೀಲ್ಡಿನ ಟ್ರಾಮಿನಿಂದ ಇಳಿಯುವಾಗಲೇ ನಿವೇದಿತಾ ಗಂಡನನ್ನು ಕಂಡಳು. ಕೆಲಸದ ಮೇಲೆ ಲೀಡ್ಸ್‌ಗೆ ಹೋಗುತ್ತೇನೆ ಎಂದು ಬೆಳಿಗ್ಗೆ ಹೊರಟಿದ್ದ ವಿರೂಪಾಕ್ಷ ಇಲ್ಲೇ, ಕೆಫೆಯ ಕಿಟಕಿಯ ಪಕ್ಕ ಕೂತಿದ್ದ. ಎದುರಿಗೆ ಕೆಂಪು ಸ್ಕಾರ್ಫಿನ ಹೆಂಗಸು.

ಅವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಮದುವೆಯಾದಂದಿನಿಂದ ಅವಳಿಗೊಂದು ಅನುಮಾನ. ಅವಳದು ಸ್ಟೂಡೆಂಟ್ ವೀಸಾ. ಪಿಎಚ್‌ಡಿ ಮುಗಿಯುತ್ತ ಬಂದಿತ್ತು, ಅದರೊಂದಿಗೆ ವೀಸಾದ ಅವಧಿಯೂ. ಅವನು ಧಾರವಾಡದ ತಂದೆತಾಯಿಗೆ ಲೀಡ್ಸಿನಲ್ಲೇ ಹುಟ್ಟಿದ ಬ್ರಿಟಿಷ್ ಪ್ರಜೆ, ಹೆಂಡತಿಯ ವೀಸಾಕ್ಕೆ ಸ್ಪಾನ್ಸರ್ ಆಗಿ ಅರ್ಜಿ ಹಾಕಿಸಬಹುದಿತ್ತು. ಆ ಮಾತೆತ್ತಿದರೆ ಸಾಕು, "ಮುಂದಿನ ವಾರ ನೋಡೋಣ" ಎಂದು ಟೀ ಕಪ್ಪಿನೊಳಗೆ ಇಣುಕುತ್ತಿದ್ದ. ಹಾಗೆ ಇಣುಕುವಾಗ ಅವನ ಕಣ್ರೆಪ್ಪೆಗಳು ಎಷ್ಟು ಉದ್ದ ಎಂದು ನೋಡುತ್ತ ಅವಳು ಸಿಟ್ಟು ಮರೆಯುತ್ತಿದ್ದಳು.

ಇವತ್ತು ಮರೆಯಲಿಲ್ಲ. ಮೊದಲೇ ಒಬ್ಬ ಹೆಂಡತಿ ಇದ್ದಾಳೆಯೇ?

ನೇರ ಹೋಗಿ ಟೇಬಲ್ ಪಕ್ಕ ನಿಂತಳು. "ಇವ್ರು ಯಾರ್ರಿ?"

ಅವನು ಕಪ್ಪಿನೊಳಗೆ ಇಣುಕಿದ. ಹೆಂಗಸೇ ಎದ್ದಳು. "ನಾನು ಉಮಾ, ಸಾಲಿಸಿಟರ್, ವೀಸಾ ಕೇಸುಗಳ ವಕೀಲೆ. ಕೂತ್ಕೊಳ್ಳಿ. ಹೆಂಡತಿಗೆ ಮೊದಲು ಹೇಳಿ ಅಂತ ಆಗ್ಲಿಂದ ಇವರಿಗೆ ಹೇಳ್ತಿದ್ದೀನಿ." ಕಾಫಿಯ ನೆಪ ಮಾಡಿ ಕೌಂಟರಿನತ್ತ ಹೋದಳು.

"ನಾ ಜೈಲಿಗೆ ಹೋಗಿದ್ದೆ, ನಿವಿ." ಅವನ ದನಿ ಸಣ್ಣದಾಗಿತ್ತು. "ಕಾಲೇಜಿನ್ಯಾಗಿದ್ದಾಗ. ಪಬ್ಬಿನ್ಯಾಗ ಒಬ್ಬನ್ನ ಹೊಡದೆ. ಅವನ ಒಂದು ಕಿವಿ ಹೋತು."

ಅವಳ ಮನಸ್ಸು ತಾನಾಗಿಯೇ ಅವನಿಗೊಂದು ಕಾರಣ ಹುಡುಕಿತು. "ಅವ ನಿಮ್ಮ ಬಣ್ಣ ನೋಡಿ ಬೈದನೇನು?"

ಹೂಂ ಎಂದಿದ್ದರೆ ಅವಳು ನಂಬಿಬಿಡುತ್ತಿದ್ದಳು.

"ಇಲ್ಲ. ಅವನ ಕೈ ತಾಗಿ ನನ್ನ ಗ್ಲಾಸ್ ಚೆಲ್ಲಿತು. ಸಾರಿ ಅಂದ. ನಾ ಕುಡದಿದ್ದೆ, ಹೊಡದೆ."

ಎಷ್ಟೋ ವಾರಗಳ ಮೇಲೆ ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟಿದ್ದ.

"ಯಾಕ ಮುಚ್ಚಿಟ್ರಿ?"

"ನಿನ್ನ ವೀಸಾ ಕೆಡತದ ಅಂತ ಹೆದರಿಕಿ. ಮತ್ತ..." ತಡೆದ. "ವೀಸಾಕ್ಕಂತನ ನನ್ನ ಮದುವಿ ಆಗಿದ್ರ, ಕೇಳಿದ ಕೂಡ್ಲೆ ಹೊಂಟು ಹೋಗ್ತಿ ಅಂತ."

ಜೈಲಿಗಿಂತ ಈ ಮಾತು ಅವಳನ್ನು ಹೆಚ್ಚು ನೋಯಿಸಿತು. ಒಂದೇ ರಜಾಯಿ ಹೊದ್ದು ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸುತ್ತಿದ್ದರಲ್ಲ!

ಉಮಾ ಮರಳಿ ಬಂದು, "ನಿಮ್ಮ ಕೇಸಲ್ಲಿ ಆ ಹಳೇ ಶಿಕ್ಷೆ ಒಂದಕ್ಕೇ ವೀಸಾ ನಿಲ್ಲುತ್ತೆ ಅಂತ ನನಗನ್ನಿಸಲ್ಲ. ಕೇಳಿದ್ದಕ್ಕೆ ನಿಜ ಹೇಳಿ, ಅಷ್ಟೆ" ಎಂದಳು.

ನಿವೇದಿತಾ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ಮನೆಗೆ ಬಂದವಳೇ ಧಾರವಾಡಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವನ ಕೈಗಿಟ್ಟಳು. "ನಮ್ಮಪ್ಪಗ ನೀವ ಹೇಳ್ರಿ."

ಅವನು ನಿಂತೇ ಎಲ್ಲವನ್ನೂ ಹೇಳಿದ. ಸ್ಪೀಕರಿನಲ್ಲಿ ಮಾವ ಪಂಚಾಕ್ಷರಿಯವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಮದ್ಲ ಗೊತ್ತಿದ್ರ ಮಗಳನ್ನ ಕೊಡ್ತಿದ್ದಿಲ್ಲ" ಎಂದರು.

"ಗೊತ್ತದ ರೀ, ಮಾವ."

"ಈಗ ಆಕಿ ಏನಂತಾಳ?"

ಅವನು ಫೋನನ್ನು ಅವಳತ್ತ ಚಾಚಿದ. ಅವಳು ಆ ಕೈಯನ್ನೇ ಹಿಡಿದುಕೊಂಡಳು.

"ಅಪ್ಪಾ, ನಂಗ ಇವರ ಮ್ಯಾಲೆ ಭಾಳ ಸಿಟ್ಟದ. ಲಗೂನ ಇಳಿಯೂದಿಲ್ಲ. ಇಲ್ಲೇ ಇದ್ದು ಸಿಟ್ಟ ಮಾಡ್ತೀನಿ."

ಬೇಸಿಗೆಯಲ್ಲಿ ವೀಸಾ ಬಂದಾಗಲೂ ಆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಬೆಳಿಗ್ಗೆ ಟೀ ತಂದುಕೊಟ್ಟು ವಿರೂಪಾಕ್ಷ ಕೇಳುತ್ತಿದ್ದ, "ಇನ್ನೂ ಅದ ಏನು?"

"ಅದ," ಎನ್ನುತ್ತ ಅವಳು ಅವನ ಭುಜಕ್ಕೆ ತಲೆಯಿಡುತ್ತಿದ್ದಳು.