ಕಲಶದ ಐದು ಕಾಸು

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 10.20. ತೆರಕಣಾಂಬಿ ಠಾಣೆಯ ಮೇಜಿನ ಮೇಲೆ ದೊಡ್ಡಮಲ್ಲಮ್ಮ ಐದು ಕಾಸು ಸುರಿದರು. ಹಿಂದಿನ ದಿನ, ಕಡೇ ಕಾರ್ತಿಕ ಸೋಮವಾರ, ಕಲಶಕ್ಕೆ ಹಾಕುವಾಗ ಅವರ ಕಣ್ಣಿಗೆ ಬಿದ್ದದ್ದು: ಮೈತುಂಬ ಕಪ್ಪು ಮಚ್ಚೆ, ಬಿಳಿ ಹುಡಿ. ಒಂದಂತೂ ಗೆದ್ದಲು ತಿಂದ ಸೌದೆಯ ಹಾಗೆ ತೂತು.

"ನಮ್ಮತ್ತೆ ಕೊಟ್ಟಿದ್ದ ತಾಮ್ರದ ಕಾಸು ಕಣವ್ವ. ದೀಪಾವಳೀಲಿ ಕಿರಿ ಸೊಸೆ ಮೇಘನಾ ಕೈಗೆ ಕೊಟ್ಟೆ. ತಿಂಗ್ಳೊಳ್ಗೆ ಅವ್ನ ಮಾರ್ಕಂಡು ಈ ಖೋಟಾ ಕಾಸ್ನ ತಂದು ಮಡಗವ್ಳೆ. ತವ್ರಿಗೆ ಅಟ್‌ಬುಡ್ತೀನಿ ಅವ್ಳ!"

ಪಿಎಸ್‌ಐ ಚಾಮುಂಡಿ ಎಫ್‌ಐಆರ್ ದಾಖಲಿಸಿದಳು. ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ನಂಜಯ್ಯನ ಜೊತೆ ಗುಂಡ್ಲುಪೇಟೆಯ ಅಕ್ಕಸಾಲಿಯ ಮುಂದೆ ಕೂತಳು. ಅವನು ಅರ ಹಾಕಿ ಉಜ್ಜಿದ. ಒಳಗೆ ಬೆಳ್ಳಗಿತ್ತು.

"ಸತು. ಮ್ಯಾಲೆ ತಾಮ್ರದ ಮುಲಾಮು, ತೆಳ್ಳನೆ ಲೇಪ. ಹಳೇದಾಗಿ ಕಾಣ್ಲಿ ಅಂತ ಇಟ್ಟಿಗೇಲಿ ತಿಕ್ಕವ್ರೆ. ಗೀಚಿದ್ ಕಡೆಯಿಂದ ಹುಳಿ ನುಗ್ಗಿ ಸತು ತಿಂದದೆ. ಈ ಥರ ಮುಲಾಮು ಹಾಕೋನು ಚಾಮರಾಜನಗರದಲ್ಲಿ ಒಬ್ನೇ, ರಘುನಾಥ."

ಮೊದಲು ದೊಡ್ಡಮಲ್ಲಮ್ಮನ ಮನೆಗೆ ಹೋದರು. ಮೇಘನಾಳ ಬಟ್ಟೆಬರೆ ಆಗಲೇ ಜಗಲಿಯ ಮೇಲಿತ್ತು.

"ಕಾಸು ಯಾವುದ್ರಲ್ಲಿ ಉಜ್ಜಿದೆ?"

"ಹುಣಸೆಹಣ್ಣಲ್ಲಿ ಮೇಡಂ, ನಾಕು ಸೋಮವಾರ್ವೂ. ನಮ್ ವಾರಗಿತ್ತಿ ರಂಜನಿ ಅಕ್ಕ, ಹುಳಿ ಬ್ಯಾಡ, ವಿಭೂತೀಲಿ ಒರ್ಸು ಅಂದಿದ್ರು. ನನ್ ಕೈಲಿ ಕಾಸು ಹೊಳೀಬಾರ್ದು ಅಂತ ಹೊಟ್ಟೆಕಿಚ್ಚಿಗಂದ್ರು ಅನ್ಕೊಂಡೆ."

"ನಿಮ್ ಹಿರಿ ಸೊಸೆ ಯಾವುದ್ರಲ್ಲಿ ಉಜ್ತಿದ್ರು?" ಚಾಮುಂಡಿ ದೊಡ್ಡಮಲ್ಲಮ್ಮನತ್ತ ತಿರುಗಿದಳು.

"ಹುಣಸೆಹಣ್ಣಲ್ಲೇ. ಅನ್ನೆಲ್ಡು ವರ್ಸ."

ಜೀಪಿನಲ್ಲಿ ನಂಜಯ್ಯ ನಕ್ಕ. "ವಾರಗಿತ್ತಿ ವಾರಗಿತ್ತಿಗೆ ಬುದ್ಧಿ ಯೋಳೋದ ನಾ ಕಾಣೆ ಮೇಡಂ."

"ಹನ್ನೆರಡು ವರ್ಷ ಹುಳಿ ಹಾಕಿದವಳಿಗೆ, ಈ ಕಾಸಿಗೆ ಹುಳಿ ಆಗದು ಅಂತ ಹೇಗೆ ಗೊತ್ತಾಯ್ತು ನಂಜಯ್ಯ?"

ನಂಜಯ್ಯ ಜೇಬಿನ ಪುಸ್ತಕ ತೆಗೆದು ರಘುನಾಥನ ಹೆಸರು ಬರೆದುಕೊಂಡ.

ನವೆಂಬರ್ 20, ಬೆಳಿಗ್ಗೆ 11.40, ಚಾಮರಾಜನಗರ. ಮೊಬೈಲಿನಲ್ಲಿ ಹಿರಿ ಸೊಸೆ ಶಿವರಂಜನಿಯ ಫೋಟೋ ಕಂಡ ಕೂಡಲೇ ರಘುನಾಥ ತಲೆಯಾಡಿಸಿದ.

"ಗೌರಿ ಹಬ್ಬದ ಮರುವಾರ ಬಂದಿದ್ರು. ಅಸಲಿ ತಂದು ಅಚ್ಚು ತೆಗೆಸಿದ್ರು. ಹುಳಿ ಮುಟ್ಟಿಸ್ಬೇಡಿ ಅಂತ ನಾನೇ ಹೇಳ್ದೆ."

ಕಾಸು ಇನ್ನು ಮೇಘನಾಳಿಗೆ ಎಂದು ಅತ್ತೆ ಎಲ್ಲರೆದುರು ಸಾರಿದ್ದು ಅದೇ ಗೌರಿ ಹಬ್ಬದ ದಿನ.

ಸಂಜೆ 4.15ಕ್ಕೆ ಮನೆಯಲ್ಲಿ ಪಂಚರ ಸಮಕ್ಷಮ ಶಿವರಂಜನಿ ರಾಗಿ ಡಬ್ಬಕ್ಕೆ ತಾನೇ ಕೈ ಹಾಕಿದಳು. ಬಟ್ಟೆ ಗಂಟಿನಲ್ಲಿ ಐದೂ ಇದ್ದವು, ಸೂರ್ಯನ ಚೂರಿನಂತೆ ಹೊಳೆಯುತ್ತ. ಮಾರುವ ಯೋಚನೆಯೇ ಇರಲಿಲ್ಲ. ಪ್ರತಿ ಸೋಮವಾರ ಬಾಗಿಲು ಹಾಕಿಕೊಂಡು ಉಜ್ಜುತ್ತಿದ್ದಳಂತೆ.

"ಮೇಘನಾನ ಕಳ್ಳಿ ಮಾಡ್ಬೇಕು ಅಂತಿತ್ತ?"

"ಇಲ್ಲ ಮೇಡಂ. ಅವ್ಳ ಕೈಲಿ ಇವ್ನ ನೋಡಕ್ಕಾಗ್ತಿರ್ಲಿಲ್ಲ, ಅಷ್ಟೇ. ಅತ್ತೆ ಬೊಟ್ಟು ಮಾಡಿ ಅವ್ಳ ಬೈವಾಗ ಸುಮ್ನಿದ್ನಲ್ಲ, ಅದು ನನ್ ತಪ್ಪು."

ಪಂಚನಾಮೆ ಮುಗಿಯಿತು, ಬಂಧನದ ಸಮಯ 5.05. ಕಾರಣದ ಎದುರು ಚಾಮುಂಡಿ 'ಹೊಟ್ಟೆಕಿಚ್ಚು' ಎಂದು ಬರೆದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಜೀಪಿನ ಹತ್ತಿರ ದೊಡ್ಡಮಲ್ಲಮ್ಮ ಅಡ್ಡ ನಿಂತರು. "ಒಂದ್ ಮಾತ್ ಕೇಳಿದ್ರೆ ನಿಂಗೇ ಕೊಡ್ತಿರ್ಲಿಲ್ವ ಕಣಮ್ಮಿ?"

"ಅನ್ನೆಲ್ಡು ವರ್ಸ ಉಜ್ಜಿದ್ನಲ್ಲ ಅತ್ತೆ," ಅಂದಳು ಶಿವರಂಜನಿ. "ಕೇಳೋದು ಅಂದ್ರೆ ಅದೇ ಅನ್ಕೊಂಡಿದ್ದೆ."