ಓಡುವ ಇಂಡಿಕೇಟರ್

ಜನವರಿ 22, ಬುಧವಾರ ಸಂಜೆ 7.50. ವಿಮಾ ಕಚೇರಿ ನೌಕರ ಯೋಗಾನಂದ ಸಂಚಾರ ಠಾಣೆಗೆ ಬಂದು ದೂರು ಬರೆದುಕೊಟ್ಟ. ಚಂದ್ರಾ ಲೇಔಟಿನ ತಿರುವಿನಲ್ಲಿ ಬಿಳಿ ಕಾರೊಂದು ನಿವೃತ್ತ ಶಿಕ್ಷಕಿ ರಾಮಕ್ಕನವರಿಗೆ ಗುದ್ದಿ ನಿಲ್ಲದೆ ಹೋಯಿತು. ಹಿಂದೆಯೇ ಕಾರಿನಲ್ಲಿ ಬರುತ್ತಿದ್ದ ತಾನು ಅವರನ್ನು ಆಸ್ಪತ್ರೆಗೆ ಸೇರಿಸಿದೆ ಎಂದಿತ್ತು ಅದರಲ್ಲಿ. ಆತನ ಅಂಗಿಯ ತೋಳಿಗೆ ಇನ್ನೂ ರಕ್ತ ಹತ್ತಿತ್ತು. ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಲತಾ ತಾವೇ ಟೀ ತರಿಸಿಕೊಟ್ಟರು.

ಮರುದಿನ ಸ್ಥಳ ಪಂಚನಾಮೆಯ ಹೊತ್ತಿಗೆ ತಿರುವಿನಲ್ಲಿ ಹೂವು ಮಾರುವ ಶಿವಕ್ಕ ಸಿಕ್ಕಳು.

"ಕಾರು ನೋಡಿದ್ರಾ?"

"ಹಿಂದ್ಗಡೆ ನೋಡ್ದೆ ಮೇಡಂ. ತಿರುಗೋ ಲೈಟು ಮಿಣಕ್ ಮಿಣಕ್ ಅನ್ಲಿಲ್ಲ. ಸೀರಿಯಲ್ ಸೆಟ್ ಥರ ಒಳಗಿಂದ ಆಚೆಗೆ ಸರ್ರಂತ ಓಡ್ತು."

"ಕಾಪಾಡಿದವರ ಕಾರು ಅದರ ಹಿಂದೇನೇ ಬಂತಾ?"

"ಇಲ್ಲಪ್ಪ. ಸ್ವಲ್ಪ ಹೊತ್ತಾದ್ಮೇಲೆ ಬಂತು. ಅದೂ ಬಿಳೀದೇ. ಎದುರುಗಡೆಯಿಂದ ಬಂತು."

ಲತಾ ಬರೆಯುತ್ತಿದ್ದ ಪೆನ್ನು ನಿಂತಿತು.

ಸಂಜೆ ಲತಾ ಯೋಗಾನಂದನ ಮನೆ ಮುಂದೆ ಆತನ ಕಾರು ನೋಡಿದರು. ಇಂಡಿಕೇಟರ್ ಹಾಕಿಸಿದರೆ ಎಲ್ಲ ಕಾರುಗಳಂತೆ ಸುಮ್ಮನೆ ಮಿಟುಕಿತು. ಆದರೆ ಎರಡೂ ಹಿಂದಿನ ದೀಪಗಳ ಸ್ಕ್ರೂಗಳ ಸುತ್ತ ಧೂಳಿರಲಿಲ್ಲ. "ಸರ್ವೀಸ್ ಆಯ್ತಾ?" "ಇಲ್ಲ ಮೇಡಂ," ಎಂದ ಯೋಗಾನಂದ, ಬೇಗನೆ.

ಹೆಡ್ ಕಾನ್‌ಸ್ಟೆಬಲ್ ಬಸವಲಿಂಗಪ್ಪ ಕಾರಿನ ಅಲಂಕಾರದ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದರು. ಶನಿವಾರ ಗೋವಿಂದರಾಜನಗರದ ಅಂಗಡಿಯೊಂದರ ಮಾಲೀಕ ಕಾಂತರಾಜು ಬಾಯಿಬಿಟ್ಟ.

"ಓಡೋ ಇಂಡಿಕೇಟರ್ ಅಲ್ವಾ ಸಾರ್? ಹಾಕ್ಸ್ಕೊಳ್ಳೋರು ಬೇಕಾದಷ್ಟು ಜನ. ಮೂರೇ ದಿನಕ್ಕೆ ಬಂದು ಹಳೇದೇ ಹಾಕಿ ಅಂದೋರು ಒಬ್ರೇ ಒಬ್ರು. ಗುರುವಾರ ನಾನು ಅಂಗಡಿ ಬಾಗಿಲು ತೆಗೆಯೋಕ್ಮುಂಚೇನೇ ನಿಂತಿದ್ರು."

ತಾನು ಮಾಡಿದ ಕೆಲಸದ ಫೋಟೊ ತೋರಿಸಿದ. ಅದರಲ್ಲಿದ್ದ ಕಾರಿನ ನಂಬರ್ ಯೋಗಾನಂದನದೇ. ಬಿಚ್ಚಿಟ್ಟ ದೀಪಗಳನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು.

ಮಧ್ಯಾಹ್ನ ಮೂರಕ್ಕೆ ಲತಾ ಠಾಣೆಗೆ ಕರೆಸಿದ್ದ ಯೋಗಾನಂದನ ಮುಂದೆ ಆ ದೀಪಗಳನ್ನು ಮೇಜಿನ ಮೇಲಿಟ್ಟರು. ಆತ ವಾದ ಮಾಡಲಿಲ್ಲ.

"ತಿರುವಲ್ಲಿ ಕನ್ನಡಕದ ಅಂಗಡಿ ಇದೆಯಲ್ಲ ಮೇಡಂ, ಅದರ ಗಾಜಲ್ಲಿ ನನ್ನ ಕಾರಿನ ಲೈಟ್ ಓಡೋದು ನೋಡ್ತಿದ್ದೆ. ಅವರು ಕಾಣಲೇ ಇಲ್ಲ."

"ಓಡಿಹೋದವರು ವಾಪಸ್ ಯಾಕೆ ಬಂದ್ರಿ?"

"ಬಿಟ್ಟು ಹೋಗೋಕಾಗ್ಲಿಲ್ಲ. ಹೇಳ್ಬೇಕು ಅಂತಲೇ ಬಂದೆ. ಎತ್ತಿದಾಗ ಕೈ ಹಿಡ್ಕೊಂಡು, ದೇವರ ಥರ ಬಂದೆ ಕಣಪ್ಪಾ ಅಂದ್ರು. ಆಮೇಲೆ ಬಾಯೇ ಬರ್ಲಿಲ್ಲ."

4.15ಕ್ಕೆ ಬಂಧನವಾಯಿತು.

ಸಂಜೆ ಲತಾ ಆಸ್ಪತ್ರೆಗೆ ಹೋದಾಗ ಸೊಂಟದ ಮೂಳೆ ಮುರಿದುಕೊಂಡಿದ್ದ ರಾಮಕ್ಕ ಬಾಗಿಲ ಕಡೆಗೇ ನೋಡುತ್ತಿದ್ದರು. "ಯೋಗಾನಂದ ಎರಡು ದಿನಾನೂ ಈ ಹೊತ್ತಿಗೆ ಗಂಜಿ ತಂದಿದ್ದ. ಇವತ್ತು ಬರ್ಲಿಲ್ವಲ್ಲಮ್ಮಾ?"

ಲತಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಮಂಚದ ಪಕ್ಕ ಕೂತರು. ಎಲ್ಲಿಂದ ಶುರು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ.